ಕಂಪನಿ ಎಲ್ಲೂ ಹೋಗಲ್ಲ ಎಂದವಳು

ಗಿರಿಜಕ್ಕ, ನಿಮ್ಮ ರೊಟ್ಟಿ ಕೌಂಟರ್ ಮುಚ್ಚಿಹೋಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮುಖ ನೋಡಿಕೊಂಡೇ ಹೇಳಿದೆ — "ಇಲ್ಲೇ ಇರಿ ಅಕ್ಕ. ಕಂಪನಿ ಎಲ್ಲೂ ಹೋಗಲ್ಲ." ಕಂಪನಿ ಎಲ್ಲೂ ಹೋಗಲಿಲ್ಲ, ಅದು ನಿಜ. ಮ್ಯಾನ್‌ಹಟನ್‌ನಲ್ಲಿ ಅದರ ಗಾಜಿನ ಕಟ್ಟಡ ಈಗಲೂ ಹಾಗೇ ನಿಂತಿದೆ. ಹೋಗಬೇಕಾಗಿ ಬಂದದ್ದು ನೀವು.

ಹದಿನೈದು ವರ್ಷಕ್ಕೂ ಮೇಲಾಯಿತು. ಅಷ್ಟು ಕಾಲ ನಿಮ್ಮ ಮನೆಯಲ್ಲಿ ಉಂಡಿದ್ದೇನೆ, ನಿಮ್ಮ ಮಗಳ ಮದುವೆಯಲ್ಲಿ ಮುಂದೆ ನಿಂತು ಓಡಾಡಿದ್ದೇನೆ. ಒಂದು ದಿನವೂ ಬಾಯಿ ಬಿಡಲಿಲ್ಲ. ನೀವು ಎಂದಾದರೂ ಅನುಮಾನದಿಂದ ನೋಡಿದ್ದರೆ ಅಂದೇ ಹೇಳಿಬಿಡುತ್ತಿದ್ದೆನೋ ಏನೋ — ಇಲ್ಲ, ಇದೂ ನೆಪ. ನೀವು ಅನುಮಾನ ಪಡುವವರಲ್ಲ ಎಂದು ಗೊತ್ತಿದ್ದುದರಿಂದಲೇ ನಾನು ಹಾಯಾಗಿದ್ದೆ.

ಇದನ್ನು ನಿಮ್ಮ ಜೊತೆ ಸ್ನೇಹಾಳೂ ಓದಲಿ ಎಂದು ನಿಮಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ. ನಿಮ್ಮ ಮಗಳಿಗೆ ಆಗ ಹನ್ನೊಂದೋ ಹನ್ನೆರಡೋ. ಅಮ್ಮನ ಅಂಗಡಿ ಅವಳಿಗೆ ವಾಸನೆಯಾಗಿ ನೆನಪಿರಬಹುದು, ಅಷ್ಟೇ.

ಮ್ಯಾನ್‌ಹಟನ್ನಿನಿಂದ ಗಂಟೆಯ ದಾರಿ ದೂರದ ಪಾರ್ಸಿಪನಿ, ಅಲ್ಲಿನ ಆಫೀಸ್ ಪಾರ್ಕಿನಲ್ಲಿ ನಮ್ಮ ವಿಮಾ ಕಂಪನಿಯ ಕಟ್ಟಡ. ನೆಲಮಹಡಿಯ ಕ್ಯಾಫೆಟೇರಿಯಾದ ಮೂಲೆಯಲ್ಲಿ ನಿಮ್ಮ ಕೌಂಟರ್. ವಿಜಯಪುರದಿಂದ ಗಂಡನ ಹಿಂದೆ ಬಂದು, ಕೆಲಸ ಮಾಡುವ ಹಾಗಿಲ್ಲ ಎನ್ನುವ ವೀಸಾದಲ್ಲಿ ವರ್ಷಗಟ್ಟಲೆ ಮನೆಯಲ್ಲಿ ಕೂತ ಮೇಲೆ, ಗ್ರೀನ್ ಕಾರ್ಡ್ ಕೈಗೆ ಬಂದ ತಿಂಗಳೇ ನೀವು ಅದನ್ನು ತೆರೆದಿರಿ. ಲೈಸೆನ್ಸಿನ ಮೇಲೆ ನಿಮ್ಮ ಹೆಸರೊಂದೇ ಇತ್ತು. ಬುಧವಾರ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹನ್ನೊಂದೂವರೆಗೇ ಸಾಲು ಶುರುವಾಗುತ್ತಿತ್ತು. ನಮ್ಮವರಷ್ಟೇ ಅಲ್ಲ, ಟೈ ಕಟ್ಟಿದ ಬಿಳಿಯರೂ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ನೀವು ರೊಟ್ಟಿ ಬಡಿಯುವ ಸದ್ದು ಕೇಳಿದರೆ ಮೀಟಿಂಗುಗಳು ತಾವಾಗಿಯೇ ಮುಗಿಯುತ್ತಿದ್ದವು.

ನಾನು ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದೆ. ಕಂಪನಿಯ ಪರವಾಗಿ ಬರೆಯುವುದು ನನ್ನ ಕೆಲಸ — ಪತ್ರಿಕಾ ಹೇಳಿಕೆ, ದೊಡ್ಡವರ ಭಾಷಣ, ಕ್ಷಮಾಪಣೆ. ಹಾಗಾಗಿ ನಮ್ಮ ಕನ್ನಡದವರ ಪಾಲಿಗೂ ನಾನೇ ಬರೆಯುವವಳಾಗಿದ್ದೆ. ಬಾಡಿಗೆ ಮನೆಯ ಮಾಲೀಕನಿಗೆ ದೂರು, ವೀಸಾಕ್ಕೆ ಒಕ್ಕಣೆ, ಶಾಲೆಯ ಪ್ರಿನ್ಸಿಪಾಲರಿಗೆ ವಿನಂತಿ, ಎಲ್ಲಕ್ಕೂ "ವಸುಧಾ ಹತ್ರ ಬರೆಸಿ". ಬರೆದು ಕೊಟ್ಟದ್ದನ್ನು ಯಾರೂ ಓದುತ್ತಿರಲಿಲ್ಲ. ಓದಿದರೆ ನನಗೆ ಅವಮಾನ ಎಂದುಕೊಂಡವರಂತೆ ನೇರ ಕೆಳಗೆ ಸಹಿ. ನಮ್ಮ ಜನರ ಮರ್ಯಾದೆ ಅದು. ಅದರ ಸುಖ ನನಗೆ ಎಷ್ಟಿತ್ತೆಂದರೆ — ಹೇಳಲು ನಾಚಿಕೆಯಾಗುತ್ತದೆ.

ಆಮೇಲೆ 2008ರ ಆ ಸೆಪ್ಟೆಂಬರ್ ಬಂತು. ದೊಡ್ಡ ದೊಡ್ಡ ಬ್ಯಾಂಕುಗಳು ಒಂದರ ಹಿಂದೊಂದು ಮುಗ್ಗರಿಸಿದವು. ನಮ್ಮ ಕಂಪನಿಯೂ ನಡುಗುತ್ತಿದೆ ಎಂದು ಟಿ.ವಿ.ಯವರು ದಿನವಿಡೀ ಹೇಳುತ್ತಿದ್ದರು. ಒಂದು ಮಂಗಳವಾರ ಬೆಳಿಗ್ಗೆ ನನ್ನನ್ನು ಮ್ಯಾನ್‌ಹಟನ್ನಿನ ಮುಖ್ಯ ಕಚೇರಿಗೆ ಕರೆಸಿಕೊಂಡರು.

ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ... ಇವತ್ತಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಮೂವತ್ತಕ್ಕೂ ಮೇಲಿನ ಒಂದು ಮಹಡಿ. ಕಿಟಕಿಯಾಚೆ ಇಡೀ ಬಂದರು, ನೀರಿನ ಮೇಲೆ ಬಿಸಿಲು. ಉದ್ದ ಮೇಜಿನ ಸುತ್ತ ಮುಖ ಕ್ಷೌರವೂ ಇಲ್ಲದೆ ಕೂತ ದೊಡ್ಡವರು, ಮುಂದೆ ಒಣಗಿದ ಬೇಗಲ್ ಬ್ರೆಡ್ಡುಗಳು. ಮೇಜಿನ ಮೇಲೆ ಫೋನ್. ಅದು ಹೊಡೆದುಕೊಂಡರೆ ಅತ್ತ ಕಡೆ ವಾಷಿಂಗ್ಟನ್, ಕಂಪನಿಯನ್ನು ಉಳಿಸಲು ಎಷ್ಟು ಹಣ ಬೇಕೆಂದು ಕೇಳಲು. ನನ್ನ ಗ್ರೀನ್ ಕಾರ್ಡಿಗಾಗಿ ನಾನು ವರ್ಷಾನುಗಟ್ಟಲೆ ಆ ಸರ್ಕಾರಕ್ಕೆ ಫೋನ್ ಮಾಡಿದ್ದೆ, ಅಕ್ಕ. ಪ್ರತಿ ಸಲವೂ ಸಂಗೀತ ಕೇಳಿಸಿ ಕಾಯಿಸಿ ಲೈನ್ ಕತ್ತರಿಸುತ್ತಿದ್ದರು. ಇಲ್ಲಿ ಸರ್ಕಾರವೇ ಫೋನ್ ಮಾಡುತ್ತಿತ್ತು. ನಮ್ಮವರು "ಎರಡು ನಿಮಿಷ ಕಾಯಿರಿ" ಎನ್ನುತ್ತಿದ್ದರು. ಸರ್ಕಾರ ಕಾಯುತ್ತಿತ್ತು!

ಕೈ ಮುಗಿಯಬೇಕು ಅನ್ನಿಸಿತು ನನಗೆ. ತಪ್ಪು ಲೆಕ್ಕಾಚಾರದಿಂದ, ದುರಾಸೆಯಿಂದ ತಾನೇ ಹಳ್ಳಕ್ಕೆ ಬಿದ್ದ ಕಂಪನಿ ಅದು. ಆದರೂ ಅದು ಕೆಮ್ಮಿದರೆ ಒಂದು ದೇಶದ ಎದೆ ನೋಯುತ್ತಿತ್ತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತೇವಲ್ಲ — ಇದು ಬಿದ್ದುಕೊಂಡೇ ಊರನ್ನೆಲ್ಲ ಎಬ್ಬಿಸಿ ಕೂರಿಸಿದ ಆನೆ. ಇಷ್ಟು ದೊಡ್ಡದರ ಒಳಗೆ ನಾನೂ ಇದ್ದೇನೆ ಎಂದು ಹೆಮ್ಮೆಪಟ್ಟೆ. ಹೆಮ್ಮೆ, ಅಕ್ಕ. ಭಯವಲ್ಲ.

ನಮ್ಮ ವಿಭಾಗದ ಮುಖ್ಯಸ್ಥೆ ಡಯೇನ್. ಅವಳು ನನ್ನನ್ನು ಪಕ್ಕಕ್ಕೆ ಕರೆದಳು. ದೊಡ್ಡವರನ್ನು ಉಳಿಸಿ ಎಂದರೆ ಜನ ಉಗಿಯುತ್ತಾರೆ, ಸಣ್ಣವರ ಹೆಸರಲ್ಲಿ ಕೇಳಿದರೆ ಯಾರೂ ಆಗದು ಎನ್ನಲಾರರು, ಕಾಂಗ್ರೆಸ್ಸಿನ, ಅಂದರೆ ಇಲ್ಲಿನ ಸಂಸತ್ತಿನ, ಸದಸ್ಯರಿಗೆ ಅಂಥ ಪತ್ರಗಳು ಹೋಗಬೇಕು ಎಂದಳು. "ಅಂಥವರೊಬ್ಬರು ಬೇಕು, ವಸು. ನಮ್ಮ ಕಟ್ಟಡದಲ್ಲೇ ಬದುಕು ಕಟ್ಟಿಕೊಂಡವರು." ನನ್ನ ಬಾಯಿಂದ ಒಂದು ಕ್ಷಣವೂ ತಡವಾಗದೆ ನಿಮ್ಮ ಹೆಸರು ಬಂತು.

ಅದೇ ಮಧ್ಯಾಹ್ನ ಮತ್ತೊಂದು ಕಾಗದ ನನ್ನ ಕೈಗೆ ಬಂತು. ಸರ್ಕಾರದ ನೆರವು ಸಿಕ್ಕಿದ ಮೇಲೆ ಯಾವ ಯಾವ ಕಚೇರಿ ಮುಚ್ಚುವುದು ಎಂಬ ಪಟ್ಟಿ. ಅದರ ಹೇಳಿಕೆಯನ್ನೂ ನಾನೇ ಬರೆದಿಡಬೇಕಿತ್ತು. ಮೇಲಿನಿಂದ ಮೂರನೆಯ ಹೆಸರು — ಪಾರ್ಸಿಪನಿ. ಪಟ್ಟಿಯ ಜೊತೆಗೆ ಒಂದು ಸಣ್ಣ ಚೀಟಿ. ನಾನು ಮ್ಯಾನ್‌ಹಟನ್ನಿಗೆ ಬರುವವರ ಪೈಕಿ, ಯೋಚನೆ ಬೇಡ ಎಂದು ಬರೆದಿತ್ತು. ನೆರವು ಸಿಗದಿದ್ದರೆ ಎಲ್ಲವೂ ಮುಚ್ಚುತ್ತಿತ್ತು, ಸಿಕ್ಕರೂ ನಮ್ಮ ಕಟ್ಟಡ ಮುಚ್ಚುತ್ತಿತ್ತು. ನಿಮಗೆ ಎರಡು ದಾರಿಯಲ್ಲೂ ಒಂದೇ. ಅದನ್ನು ಓದಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮರುದಿನ ಬುಧವಾರ. ಸಾಲು ಕರಗಿದ ಮೇಲೆ ನೀವು ನನ್ನ ಮೇಜಿಗೆ ಬಂದಿರಿ. ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು.

"ವಸು, ವುಡ್‌ಬ್ರಿಡ್ಜ್ ಕಡೆ ಒಂದು ಹಾಸ್ಪಿಟಲ್‌ನ್ಯಾಗ ಕೌಂಟರ್ ಕೊಡ್ತೀವಿ ಅಂತಾರ. ಶುಕ್ರವಾರದೊಳಗ ಹೇಳಬೇಕಂತ. ಟಿ.ವಿ.ಯಾಗ ನೋಡಿದ್ರ ನಿಮ್ಮ ಕಂಪನಿ ಇವತ್ತು ಬೀಳ್ತದ, ನಾಳಿ ಬೀಳ್ತದ ಅಂತಾರ. ನನಗೇನೂ ತಿಳೀವಲ್ದು. ನೀ ಒಳಗಿನಾಕಿ, ನೀನೇ ಹೇಳು. ಹೋಗ್ಲೋ, ಇರ್ಲೋ?"

ಇಲ್ಲಿ ನಿಲ್ಲಬೇಕು ನಾನು. ಇದೇ ಜಾಗ.

ಗೌಪ್ಯತೆಯ ಕಾಗದಕ್ಕೆ ಸಹಿ ಹಾಕಿದ್ದೆ, ಪಟ್ಟಿಯ ವಿಷಯ ಬಾಯಿಬಿಟ್ಟರೆ ಕೆಲಸ ಹೋಗುತ್ತಿತ್ತು — ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡ ಸಮಾಧಾನ ಇದು. ಆದರೆ ಪಟ್ಟಿಯ ಸುದ್ದಿ ಎತ್ತಬೇಕಾಗಿಯೇ ಇರಲಿಲ್ಲವಲ್ಲ. "ಹಾಸ್ಪಿಟಲ್ ಒಳ್ಳೇದು ಅಕ್ಕ, ಹೋಗಿ" ಎಂದಿದ್ದರೆ ಸಾಕಿತ್ತು. ಯಾವ ಗುಟ್ಟೂ ಒಡೆಯುತ್ತಿರಲಿಲ್ಲ, ಯಾರ ಕೆಲಸವೂ ಹೋಗುತ್ತಿರಲಿಲ್ಲ. ನೀವು ಶುಕ್ರವಾರ ಹೋಗಿಬಿಟ್ಟರೆ ನನ್ನ ಪತ್ರಕ್ಕೆ ಸಹಿ ಹಾಕುವವರು ಇರುತ್ತಿರಲಿಲ್ಲ, ಅಷ್ಟೇ. ಡಯೇನ್‌ಗೆ ಮಾತು ಕೊಟ್ಟಿದ್ದೆ. ಮ್ಯಾನ್‌ಹಟನ್ನಿನ ಎತ್ತರದ ಮಹಡಿಯ ಆ ಮೇಜು ಇನ್ನೂ ನನ್ನ ಕಣ್ಣಲ್ಲಿತ್ತು. ಅಷ್ಟು ದೊಡ್ಡದನ್ನು ನೋಡಿ ಬಂದ ಕಣ್ಣಿಗೆ ನೀವು — ಬರೆಯಲೇಬೇಕು — ನೀವು ತೀರ ಸಣ್ಣವರಾಗಿ ಕಂಡಿರಿ.

"ಇಲ್ಲೇ ಇರಿ ಅಕ್ಕ. ಕಂಪನಿ ಎಲ್ಲೂ ಹೋಗಲ್ಲ."

ನೀವು ನಿಟ್ಟುಸಿರು ಬಿಟ್ಟಿರಿ. "ಅಷ್ಟು ಅಂದ್ಯಲ್ಲ, ಸಾಕು" ಎಂದು ಅಲ್ಲೇ ನನ್ನೆದುರಿಗೆ ಆಸ್ಪತ್ರೆಯವರಿಗೆ ಫೋನ್ ಮಾಡಿ ಬೇಡ ಎಂದಿರಿ. ಶುಕ್ರವಾರದವರೆಗೂ ಕಾಯಲಿಲ್ಲ.

ಗುರುವಾರ ಪತ್ರ ತಂದೆ. ಕಂಪನಿ ಉಳಿಯಲಿ ಎಂದು ಬರೆದಿದ್ದೇನೆ, ನಿಮ್ಮ ಹೆಸರಲ್ಲಿ ಹೋಗುತ್ತದೆ ಎಂದೆ. ಒಂದೂವರೆ ಪುಟ. ಚೆನ್ನಾಗಿತ್ತು, ಗಿರಿಜಕ್ಕ, ನಾನು ಬರೆದವುಗಳಲ್ಲೇ ಅಷ್ಟು ಚೆನ್ನಾದದ್ದು ಇನ್ನೊಂದಿಲ್ಲ. ನೀವು ಏಪ್ರನ್‌ಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಿರಿ.

"ಓದಿ ಅಕ್ಕ" ಎಂದೆ. ಅದನ್ನಾದರೂ ಹೇಳಿದೆ.

"ನೀ ಬರದೀ ಅಂದಮ್ಯಾಲೆ ನಾ ಓದೂದೇನದ? ಎಲ್ಲಿ ಸಹಿ ಮಾಡಬೇಕು ಹೇಳು."

ಬೆರಳು ತೋರಿಸಿದೆ.

ಮುಂದಿನ ವಾರ ವಾಷಿಂಗ್ಟನ್ನಿನಲ್ಲಿ ಒಬ್ಬ ಸದಸ್ಯರು ಎದ್ದು ನಿಂತು ಆ ಪತ್ರದ ನಾಲ್ಕು ಸಾಲು ಓದಿದರು. ಕ್ಯಾಫೆಟೇರಿಯಾದ ಟಿ.ವಿ.ಯ ಮುಂದೆ ನಾವೆಲ್ಲ ನಿಂತಿದ್ದೆವು. ನಿಮ್ಮ ಹೆಸರನ್ನು ಅವರು ತಿರುಚಿ ಮುರುಚಿ ಹೇಳಿದರು. ಈ ಕಂಪನಿ ಬಿದ್ದರೆ ತನ್ನ ಒಲೆ ಆರುತ್ತದೆ ಎನ್ನುತ್ತಿದ್ದಾಳೆ ಈ ತಾಯಿ, ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನದೂ ಒದ್ದೆಯಾಯಿತು — ನಾನೇ ಬರೆದ ಸುಳ್ಳಿಗೆ ನಾನೇ ಅತ್ತೆ. ಮೂರನೆಯ ಮಹಡಿಯ ಮೂಲೆಯಲ್ಲಿ ಕೂತು ಟೈಪ್ ಮಾಡಿದ ಒಂದು ವಾಕ್ಯ ಅಷ್ಟು ಎತ್ತರದ ಸಭೆಯಲ್ಲಿ ಹೋಗಿ ನಿಂತಿತ್ತು. ಆ ಬೆರಗು ಇನ್ನೂ ನನ್ನನ್ನು ಬಿಟ್ಟಿಲ್ಲ. ಪಾಪದ ಬಗ್ಗೆ ಬರೆಯಲು ಕೂತಾಗಲೂ ಬೆರಗೇ ಮೊದಲು ಬರುತ್ತದೆ, ನೋಡಿ.

ನೀವು ಚಪ್ಪಾಳೆ ತಟ್ಟಿ ನಕ್ಕಿರಿ. "ನಮ್ಮ ರೊಟ್ಟಿ ವಾಷಿಂಗ್ಟನ್‌ಗೆ ಮುಟ್ಟಿತು ನೋಡ್ರಿ!" ಎಂದು ಎಲ್ಲರಿಗೂ ಒಂದೊಂದು ಲೋಟ ಮಜ್ಜಿಗೆ ಕೊಟ್ಟಿರಿ.

ಕಂಪನಿ ಉಳಿಯಿತು. ನಿಮ್ಮ ಪತ್ರವೊಂದರಿಂದಲೇ ಅಲ್ಲ, ಅದು ನನಗೂ ಗೊತ್ತು. ಅಂಥ ಪತ್ರಗಳು ಎಷ್ಟೋ, ಅದರ ಹಿಂದೆ ಏನೇನು ಮಾತುಕತೆಯೋ. ಆದರೆ ಉಳಿಸಿದವರಿಗೆ ಹೇಳಿಕೊಳ್ಳಲು ಒಂದು ಮುಖ ಬೇಕಿತ್ತು, ಆ ಮುಖವನ್ನು ನಾನು ಒದಗಿಸಿದ್ದೆ. ಚಳಿಗಾಲ ಮುಗಿಯುವ ಮೊದಲೇ ಪಾರ್ಸಿಪನಿಯ ಕಚೇರಿಯನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದರು. ಆ ಹೇಳಿಕೆಯೂ ನನ್ನದೇ. ನಿಮ್ಮ ಪತ್ರ ಬರೆದ ಅದೇ ಕಂಪ್ಯೂಟರು.

ಕೊನೆಯ ದಿನ ನೀವು ಹಂಚು, ಹಿಟ್ಟು ನಾದುವ ಕೊಣಮಿಗೆ, ಡಬ್ಬಿಗಳನ್ನೆಲ್ಲ ಕಾರಿಗೆ ತುಂಬುತ್ತಿದ್ದಿರಿ. ನಾನು ಸಹಾಯಕ್ಕೆ ಬಂದೆ, ಎಷ್ಟು ಒಳ್ಳೆಯವಳು ನಾನು! ವುಡ್‌ಬ್ರಿಡ್ಜ್‌ನ ಆಸ್ಪತ್ರೆಯ ಕೌಂಟರ್ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ನೀವು ಅತ್ತರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಸೆದುಕೊಂಡು ಬಂದಿದ್ದೆ. ನೀವು ಅಳಲಿಲ್ಲ.

"ಇರ್ಲಿ ಬಿಡು ವಸು, ನೀ ಯಾಕ ಸಪ್ಪಗಾಗಿ? ಅಷ್ಟು ದೊಡ್ಡ ಕಂಪನಿ ಉಳೀತು. ಎಷ್ಟು ಮಂದಿ ಮನಿ ಉಳದ್ವು. ನಂದೊಂದು ಒಲಿ ಹೋದ್ರ ಏನಾತು?"

ಆ ಎತ್ತರದ ಮಹಡಿಯಲ್ಲಿ ನಾನು ಕಂಡ ದೊಡ್ಡವರಲ್ಲಿ ಒಬ್ಬರಿಗೂ ಆ ಮಾತು ಆಡಲು ಬರುತ್ತಿರಲಿಲ್ಲ. ಅಲ್ಲಿ ಎಲ್ಲರೂ ತಮ್ಮ ತಮ್ಮ ಕುರ್ಚಿಯನ್ನೇ ಹಿಡಿದುಕೊಂಡಿದ್ದರು. ನಾನು ಬಾಯಿ ತೆರೆದು ನೋಡಬೇಕಾಗಿದ್ದ ದೊಡ್ಡಸ್ತಿಕೆ ಪಾರ್ಕಿಂಗ್ ಲಾಟಿನ ಹಿಮದಲ್ಲಿ ಹಂಚು ಹಿಡಿದು ನಿಂತಿತ್ತು. ನನಗೆ ಆಗ ಅದು ಕಾಣಲಿಲ್ಲ. ಬಚಾವಾದೆ ಅನ್ನಿಸಿತು, ಅಷ್ಟೇ.

ಆಮೇಲೆ ನೀವು ಇನ್ನೊಬ್ಬರ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಗಂಟೆಗಿಷ್ಟು ಎಂದು ಒಂಬತ್ತು ವರ್ಷ ರೊಟ್ಟಿ ಬಡಿದಿರಿ. ಪ್ಯಾಕೆಟ್ಟಿನ ಮೇಲೆ ಅವರ ಹೆಸರು. ಭುಜ ಹಿಡಿದುಕೊಂಡ ಮೇಲೆ ಅದನ್ನು ಬಿಟ್ಟು, ಸ್ನೇಹಾಳ ಮದುವೆಯಾದ ಮೇಲೆ ಹಿಲ್ಸ್‌ಬರೋದಲ್ಲಿ ಅವಳ ಮನೆ ಸೇರಿದಿರಿ. ನಾನು ಮ್ಯಾನ್‌ಹಟನ್ನಿಗೆ ಟ್ರೇನ್ ಹಿಡಿದು ಓಡಾಡಿ, ದೊಡ್ಡ ಹುದ್ದೆಯಲ್ಲಿ ನಿವೃತ್ತಳಾದೆ. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ತಿಂದವಳು ನಾನು, ಕುಡಿದವರು ನೀವು.

ಈಗ ಯಾಕೆ ಹೇಳುತ್ತಿದ್ದೇನೆ? ಹೋದ ಭಾನುವಾರ ಸ್ನೇಹಾ ಫೋನ್ ಮಾಡಿದಳು. ಅವಳ ಕಂಪನಿಯೂ ಅಲುಗಾಡುತ್ತಿದೆಯಂತೆ, ಸರ್ಕಾರ ಬೀಳಲು ಬಿಡುವುದಿಲ್ಲ ಎನ್ನುತ್ತಿದ್ದಾರಂತೆ. ಅವಳಿಗೆ ಬೇರೊಂದು ಕಡೆ ಸಣ್ಣ ಕೆಲಸ ಸಿಕ್ಕಿದೆ. ಹೋಗುವುದೋ ಇರುವುದೋ ತಿಳಿಯುತ್ತಿಲ್ಲ. "ವಸು ಆಂಟಿ, ಐ ಡೋಂಟ್ ನೋ ವಾಟ್ ಟು ಡೂ. ಅಮ್ಮ ಸೆಡ್, ವಸೂನ್ನ ಕೇಳು, ಶೀ ವಿಲ್ ನೆವರ್ ಟೆಲ್ ಯೂ ರಾಂಗ್."

ಇಷ್ಟೆಲ್ಲ ಆದ ಮೇಲೆ, ಒಲೆ ಕಳೆದುಕೊಂಡ ಮೇಲೆ, ಮಗಳನ್ನೂ ನನ್ನ ಹತ್ತಿರವೇ ಕಳಿಸಿದ್ದೀರಿ.

"ನನ್ನ ಕೇಳಬೇಡ, ಪುಟ್ಟಿ" ಎಂದೆ. "ನಾನು ನಿಮ್ಮಮ್ಮನಿಗೆ ಒಂದು ಸುಳ್ಳು ಹೇಳಿದೀನಿ. ದೊಡ್ಡ ಸುಳ್ಳು."

ಅವಳು ಕೇಳಿದಳು, "ಡಸ್ ಅಮ್ಮ ನೋ?"

"ಇಲ್ಲ."

"ದೆನ್ ಯೂ ಟೆಲ್ ಹರ್, ಆಂಟಿ. ನಾಟ್ ಮೀ."

ಸರಿಯಾಗಿಯೇ ಹೇಳಿದಳು. ಅದಕ್ಕೇ ಇದು. ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀವು ತಕ್ಷಣ ಕೊಟ್ಟುಬಿಡುತ್ತೀರಿ, "ಇರ್ಲಿ ಬಿಡು" ಎಂದು. ಈ ಸಲ ಅಷ್ಟು ಬೇಗ ಬಿಡಬೇಡಿ. ಸಿಟ್ಟು ಮಾಡಿ. ನಿಮ್ಮ ಹೆಸರಿನ ಆ ಲೈಸೆನ್ಸು, ಆ ಸಾಲು, ಆಸ್ಪತ್ರೆಯಲ್ಲಿ ನಿಮ್ಮದಾಗಬೇಕಿದ್ದ ವರ್ಷಗಳು, ಎಲ್ಲವನ್ನೂ ನೆನೆದು ಸಿಟ್ಟು ಮಾಡಿ.

ಇದನ್ನು ನಾನೇ ಹಿಡಿದು ಶನಿವಾರ ಮಧ್ಯಾಹ್ನ ಹಿಲ್ಸ್‌ಬರೋಗೆ ಬರುತ್ತೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ, ಏನು ಕೇಳಿದರೂ ಹೇಳುತ್ತೇನೆ, ಎದ್ದು ಹೋಗು ಎಂದರೆ ಹೋಗುತ್ತೇನೆ. ನನಗಾಗಿ ಅಡುಗೆ ಮಾತ್ರ ಮಾಡಬೇಡಿ, ಅಕ್ಕ.