ಕೆಂಪು ಚುಕ್ಕೆಯ ಬೆಳ್ಳುಳ್ಳಿ

ನನ್ನ ಮಾವ ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಚೆಕರ್ ಆಗಿದ್ದವರು. ಕೆಲಸದಿಂದ ನಿವೃತ್ತರಾದರೇ ಹೊರತು ಅನುಮಾನದಿಂದ ಆಗಲಿಲ್ಲ. ಅವರು ಯಾರನ್ನಾದರೂ ಮಾತಾಡಿಸುವಾಗ ಮೊದಲು ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. ಟಿಕೆಟ್ ಇಲ್ಲದವನ ಮುಖ ಎಷ್ಟು ಬೇಕಾದರೂ ನಾಟಕ ಆಡಬಹುದು, ಕೈಗೆ ಅದು ಬರುವುದಿಲ್ಲವಂತೆ, ಸುಮ್ಮಸುಮ್ಮನೆ ಜೇಬು ತಡಕುತ್ತದಂತೆ. ಹಾಲಿನ ಪ್ಯಾಕೆಟ್ ಬಂದರೆ ಅಂಗೈ ಮೇಲಿಟ್ಟು ತೂಗುತ್ತಾರೆ. ಇಸ್ತ್ರಿಯವನು ಬಟ್ಟೆ ತಂದರೆ ಅವನೆದುರೇ ಶರ್ಟಿನ ಗುಂಡಿ ಎಣಿಸುತ್ತಾರೆ. ನಾನು ಮದುವೆಯಾಗಿ ಬಂದ ಮೊದಲ ವಾರ ಸಕ್ಕರೆ ಡಬ್ಬದ ಮುಚ್ಚಳಕ್ಕೆ ಒಂದು ಕೂದಲು ಅಂಟಿಸಿಟ್ಟಿದ್ದರು, ತೆಗೆದವರು ಯಾರೆಂದು ಗೊತ್ತಾಗಲಿ ಅಂತ. ಡಾಕ್ಟರು ಸಕ್ಕರೆ ಬಿಡಿ ಎಂದದ್ದು ಅವರಿಗೆ, ಕಾವಲು ಮಾತ್ರ ನನಗೆ!

"ಅಪ್ಪ ಮೊದಲಿಂದಲೂ ಹಾಗೇ, ತಲೆ ಕೆಡಿಸಿಕೊಳ್ಳಬೇಡ," ಎನ್ನುತ್ತಾರೆ ನನ್ನ ಗಂಡ. ಹೇಳುವುದಕ್ಕೇನು, ಅವರು ಬೆಳಿಗ್ಗೆ ಏಳಕ್ಕೆ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದರೆ ಮನೆಗೆ ಬರುವುದು ಸಂಜೆ. ನನಗೆ ಚಷ್ಮದ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಉಳಿದ ಅರ್ಧ ದಿನ ಮಾವನ ಹದ್ದಿನ ಕಣ್ಣಿನ ಕೆಳಗೇ.

ಅವರು ಅನುಮಾನಿಸದೆ ಇದ್ದದ್ದು ಇಡೀ ಜಗತ್ತಿನಲ್ಲಿ ಒಬ್ಬರನ್ನೇ, ನನ್ನ ಅತ್ತೆಯನ್ನು. ಅತ್ತೆ ಹಿತ್ತಿಲಿನಲ್ಲಿ ಪೇಂಟಿನ ಹಳೆ ಬಕೆಟ್‌ಗಳಲ್ಲಿ ಬೆಳ್ಳುಳ್ಳಿ ಬೆಳೆಯುತ್ತಿದ್ದರು. ನಮ್ಮಂಥ ಸೆಕೆಯ ಊರಿನಲ್ಲಿ ಬೆಳ್ಳುಳ್ಳಿ ಬರುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು. ಪಕ್ಕದ ಮನೆಯ ಟೀಚರ್ ಎರಡು ಸಲ ನೆಟ್ಟು, ಹುಲ್ಲಿನಂಥ ಎಲೆ ಬಿಟ್ಟರೆ ಬೇರೇನೂ ಕಾಣದೆ ಸುಮ್ಮನಾಗಿದ್ದರು. ಅತ್ತೆಯದು ಮಾತ್ರ ಪ್ರತಿ ವರ್ಷ ಬರುತ್ತಿತ್ತು. ನೋಡಲು ಅಂಗಡಿಯದರ ಹಾಗೇ, ಬಿಳಿ ಸಿಪ್ಪೆ, ಗಡ್ಡೆಗೆ ಎಂಟೆಂಟು ಎಸಳು. ಆದರೆ ಅಂಗಡಿಯ ಮೂರು ಎಸಳು ಹಾಕುವ ಕಡೆ ಅದರದ್ದು ಒಂದು ಸಾಕು. ಬೀಜ ಅವರಮ್ಮನ ಮನೆಯಿಂದ ಬಂದದ್ದು.

ಅತ್ತೆ ತೀರಿಕೊಂಡಾಗ ಮನೆ ತುಂಬ ಜನ. ಯಾರು ಯಾರೋ ಅಡುಗೆ ಮಾಡಿದರು. ಮೊಳೆಗೆ ನೇತುಹಾಕಿದ್ದ ಬೆಳ್ಳುಳ್ಳಿ ಗೊಂಚಲು ಅವರ ಕೈಗೆ ಸಿಕ್ಕಿತು. ನಮಗೆ ಎಚ್ಚರ ಬಂದು ನೋಡುವಷ್ಟರಲ್ಲಿ ಆರೇ ಆರು ಗಡ್ಡೆ ಉಳಿದಿದ್ದವು. ಅವೂ ಕೈತಪ್ಪಿದರೆ ಅತ್ತೆಯ ಬೆಳ್ಳುಳ್ಳಿ ಎನ್ನುವುದು ಮುಗಿದೇ ಹೋಯಿತು, ದುಡ್ಡು ಕೊಟ್ಟರೂ ಎಲ್ಲೂ ಸಿಗುವುದಿಲ್ಲ. ಮಾವ ಅವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತುಬಿಟ್ಟಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಸ್ಪತ್ರೆಯಲ್ಲಿದ್ದಾಗಲೇ ಅತ್ತೆ ನನಗೆ ಹೇಳಿದ್ದರು: "ಬೀಜ ಡಬ್ಬಕ್ಕೆ ಹಾಕಿ ಫ್ರಿಜ್ಜಿನ ಕೆಳಗಡೆ ಇಡು. ಎರಡು ತಿಂಗಳು ಅಲ್ಲಾಡಿಸಬೇಡ. ಆಮೇಲೆ ನೆಡೋದು."

"ಯಾಕತ್ತೆ?"

"ಯಾಕೋ ಏನೋ, ನಮ್ಮಮ್ಮ ಬಾವಿಯೊಳಗಿನ ಗೂಡಲ್ಲಿ ಇಡ್ತಿದ್ದಳು. ನನಗೆ ಬಾವಿ ಇಲ್ಲ, ಫ್ರಿಜ್ಜಲ್ಲಿ ಇಡ್ತೀನಿ. ಬರುತ್ತಲ್ಲ, ಸಾಕು."

ಇಲಿ ಕಾಟಕ್ಕೆ ಹಾಗೆ ಮಾಡುತ್ತಿದ್ದರೇನೋ ಅಂದುಕೊಂಡೆ. ಕಾಲ ಬಂದಾಗ ಮಾವ ನನ್ನೆದುರೇ ಗಡ್ಡೆ ಬಿಡಿಸಿ ಎಸಳು ಎಣಿಸಿದರು. ನಲವತ್ತೆಂಟು. ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಟ್ಟೆ.

ಅಲ್ಲಿಂದ ಶುರುವಾಯಿತು ನೋಡಿ. ಮಾವ ಕುರ್ಚಿಯನ್ನು ಫ್ರಿಜ್ಜಿನ ಎದುರಿಗೆ ಎಳೆದುಕೊಂಡು ಪೇಪರ್ ಓದತೊಡಗಿದರು. ನಾನು ಮೊಸರು ತೆಗೆದರೂ ಪೇಪರ್ ಕೆಳಗಿಳಿಯುತ್ತಿತ್ತು. ಅಡುಗೆ ಮುಗಿಸಿ ಬಂದರೆ, "ಕೈ ತೋರಿಸಮ್ಮ," ಎಂದು ನನ್ನ ಬೆರಳು ಮೂಸಿದರು, ದೇವರಾಣೆಗೂ ಮೂಸಿದರು!

"ಬೆಳ್ಳುಳ್ಳಿ ವಾಸನೆ."

"ಒಲೆ ಮುಂದೆ ನಿಂತು ಬಂದವಳ ಕೈ ಮಲ್ಲಿಗೆ ವಾಸನೆ ಬರುತ್ತಾ ಮಾವ?"

"ಯಾವ ಬೆಳ್ಳುಳ್ಳಿ ಅಂತ ಕೇಳ್ತಿದ್ದೀನಿ."

ಮೈಯೆಲ್ಲ ಉರಿದುಹೋಯಿತು. ಆದರೆ ನಾನೇನು ಸಾಚಾ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದು ಭಾನುವಾರ ಗಂಡನ ಪ್ರೆಸ್ಸಿನ ಮಾಲೀಕರು ಹೆಂಡತಿ ಸಮೇತ ದಿಢೀರನೆ ಊಟಕ್ಕೆ ಬಂದರು. ಮನೆಯಲ್ಲಿ ಒಂದು ಎಸಳು ಬೆಳ್ಳುಳ್ಳಿ ಇಲ್ಲ, ಅಂಗಡಿ ಬಾಗಿಲು ಹಾಕಿದೆ. ಮಾವ ಸ್ನಾನಕ್ಕೆ ಹೋಗಿದ್ದರು. ಡಬ್ಬದಿಂದ ನಾಲ್ಕು ಎಸಳು ತೆಗೆದೆ. ಬುಡ ಕತ್ತರಿಸಿ, ಸಿಪ್ಪೆ ಸುಲಿದು, ಜಜ್ಜಿ ಹಾಕಿದೆ. ಮರುದಿನ ಅಂಗಡಿಯಿಂದ ತಂದ ನಾಲ್ಕು ಎಸಳು ಡಬ್ಬಕ್ಕೆ ಸೇರಿಸಿದೆ. ಎಣಿಕೆ ಸರಿಹೋಯಿತಲ್ಲ ಎಂದು ಸಮಾಧಾನ ಮಾಡಿಕೊಂಡರೂ ಅತ್ತೆಯ ಫೋಟೋ ಕಡೆ ಒಂದು ವಾರ ಮುಖ ಎತ್ತಲಿಲ್ಲ.

ಎರಡು ತಿಂಗಳಾಯಿತು. ಒಂದು ಬೆಳಿಗ್ಗೆ ಮಾವ ಡಬ್ಬ ಹಿಡಿದುಕೊಂಡು ಹಿತ್ತಿಲಿಗೆ ಹೋದರು. ಯಾರನ್ನೂ ಹತ್ತಿರ ಬಿಡಲಿಲ್ಲ. ಮಣ್ಣಿಗೆ ಮರಳು, ಎಲೆಗೊಬ್ಬರ ಬೆರೆಸಿ, ಎಸಳಿನ ಚೂಪು ತುದಿ ಮೇಲೆ ಬರುವಂತೆ, ಎರಡು ಗೆಣ್ಣು ಆಳಕ್ಕೆ, ನಾಲ್ಕು ಬೆರಳಿಗೊಂದರಂತೆ ನೆಟ್ಟರು. ಮಣ್ಣು ಕಾಯದಿರಲೆಂದು ಒಣ ಎಲೆ ಹೊದಿಸಿದರು. ಮಧ್ಯಾಹ್ನದ ಬಿಸಿಲಿಗೆ ಹಳೆ ಬೆಡ್‌ಶೀಟ್ ಕಟ್ಟಿದರು. ಅತ್ತೆ ಮಾಡುತ್ತಿದ್ದದ್ದೆಲ್ಲ ಅವರಿಗೆ ಕಂಠಪಾಠವಾಗಿತ್ತು, ಒಂದೂ ಬಿಡಲಿಲ್ಲ. ಏಳು ಎಸಳು ಕೊಳೆತವು, ನಲವತ್ತೊಂದು ಚಿಗುರಿದವು. ಟೀಚರ್ ಗೋಡೆಯ ಮೇಲಿಂದ ಇಣುಕಿ, "ಚೆನ್ನಾಗಿ ಬಂದಿದೆ ಅಲ್ವಾ?" ಎಂದದ್ದಕ್ಕೆ ಮರುದಿನವೇ ಆ ಗೋಡೆಯ ಮೇಲೆ ಒಡೆದ ಹೆಂಚಿನ ಚೂರು ಬಂದು ಕೂತಿತು.

ನಾಲ್ಕು ತಿಂಗಳು ದಾಟಿ ಕೆಳಗಿನ ಎಲೆ ಹಳದಿಯಾದಾಗ ನೀರು ನಿಲ್ಲಿಸಿದರು. ಹದಿನೈದು ದಿನ ಬಿಟ್ಟು ಕಿತ್ತರು. ಮೊದಲನೆಯದು ಬಂತು, ಚಿಕ್ಕ ಈರುಳ್ಳಿಯ ಹಾಗೆ ಗುಂಡಗೆ. ಎರಡನೆಯದೂ ಹಾಗೇ. ಬಕೆಟ್ ಬಕೆಟ್ಟೂ ಹಾಗೇ. ಚಾಕು ತಂದು ಒಂದನ್ನು ಕೊಯ್ದರು. ಒಳಗೆ ಎಸಳೇ ಇಲ್ಲ, ಒಂದೇ ಮುದ್ದೆ. ಮಾವ ನಿಧಾನಕ್ಕೆ ತಲೆ ಎತ್ತಿ ನನ್ನ ಕೈ ನೋಡಿದರು.

"ನಡಿ," ಎಂದರು, "ಬೀಜದ ಅಂಗಡಿಗೆ."

ಬೀಜದ ಅಂಗಡಿಯಾಕೆ ಅತ್ತೆಗೆ ಇಪ್ಪತ್ತು ವರ್ಷದ ಪರಿಚಯ. ಮಾವ ಕೊಯ್ದ ಗಡ್ಡೆಯನ್ನು ಅವರ ಮೇಜಿನ ಮೇಲಿಟ್ಟು, ನಾಲ್ಕು ಜನ ಗಿರಾಕಿಗಳ ಎದುರೇ ಕೇಳಿದರು: "ಇದು ನಮ್ಮವಳ ಬೆಳ್ಳುಳ್ಳಿ ಅಲ್ಲ, ಅಲ್ವಾ? ಯಾರೋ ಬಕೆಟ್ ಕೆದಕಿ ಬೀಜ ಬದಲಾಯಿಸಿದ್ದಾರೆ. ನೀವೇ ಬಾಯಿಬಿಟ್ಟು ಹೇಳಿ, ಇವಳೂ ಕೇಳಿಸಿಕೊಳ್ಳಲಿ."

ಅತ್ತೆಯ ಬೆಳ್ಳುಳ್ಳಿ ಹೋಯಿತು, ಅದರ ಕಳ್ಳಿ ನಾನು! ಅಳು ತಡೆಯಲಾಗದೆ ಹೇಳಿಬಿಟ್ಟೆ: "ನಾಲ್ಕು ಎಸಳು ತೆಗೆದದ್ದು ನಿಜ ಮಾವ. ಊಟಕ್ಕೆ ಜನ ಬಂದಿದ್ದರು, ಫ್ರಿಜ್ಜಿನ ಡಬ್ಬದಿಂದ ತೆಗೆದೆ. ತಪ್ಪಾಯಿತು. ಆದರೆ ಅದು ಬಿಟ್ಟರೆ ನಾನು ಮುಟ್ಟಿಲ್ಲ. ನಾನು ಮುಟ್ಟಿಲ್ಲ!"

ಮಾವನ ಮುಖ ಅರಳಿತು. ಅತ್ತೆ ಹೋದ ಮೇಲೆ ಅಷ್ಟು ಖುಷಿ ಆ ಮುಖದಲ್ಲಿ ನಾನು ಕಂಡಿರಲಿಲ್ಲ. ಅಂಗಿ ಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಒಣಗಿ ಸುರುಟಿದ ನಾಲ್ಕು ಎಸಳು.

"ಆರು ತಿಂಗಳಿಂದ ಇಟ್ಟುಕೊಂಡಿದ್ದೀನಿ! ನೀನು ಡಬ್ಬಕ್ಕೆ ತಂದು ಸೇರಿಸಿದ ನಾಲ್ಕು. ಡಬ್ಬದಲ್ಲಿದ್ದ ಒಂದೊಂದರ ಬುಡಕ್ಕೂ ಕೆಂಪು ಪೆನ್ನಲ್ಲಿ ಚುಕ್ಕೆ ಇಟ್ಟಿದ್ದೆ. ಈ ನಾಲ್ಕಕ್ಕೆ ಚುಕ್ಕೆ ಇಲ್ಲ. ಅವತ್ತೇ ಹಿಡಿಯಬಹುದಿತ್ತು, ದೊಡ್ಡ ಕಳ್ಳತನ ಆಗಲಿ ಅಂತ ಕಾದೆ."

"ನೀವು ಡಬ್ಬದಿಂದಲೇ ತಾನೆ ಬೀಜ ನೆಟ್ಟದ್ದು?" ಎಂದರು ಅಂಗಡಿಯಾಕೆ.

"ಅಯ್ಯೋ, ನಾನೇನು ದಡ್ಡನಾ? ಡಬ್ಬದಲ್ಲಿದ್ದದ್ದು ಅಂಗಡಿ ಮಾಲು, ಇವಳನ್ನು ಪರೀಕ್ಷೆ ಮಾಡೋಕೆ. ಅಸಲಿ ಬೀಜ ಮೊದಲನೇ ದಿನವೇ ಇವಳಿಗೆ ಗೊತ್ತಾಗದ ಹಾಗೆ ತೆಗೆದು ನನ್ನ ಬೀರುವಿನಲ್ಲಿಟ್ಟಿದ್ದೆ, ನೆಟ್ಟದ್ದೂ ಅದನ್ನೇ. ಬೀಗ ಹಾಕಿ ಕೀಲಿ ಸೊಂಟಕ್ಕೆ ಕಟ್ಟಿಕೊಂಡಿದ್ದೆ. ಒಂದು ನೊಣ ಹತ್ತಿರ ಹೋಗಿಲ್ಲ."

"ಫ್ರಿಜ್ಜಲ್ಲಿ ಇಡಲೇ ಇಲ್ವಾ?"

"ಒಂದು ದಿನವೂ ಇಲ್ಲ!" ಎಂದರು ಮಾವ, ಹೆಮ್ಮೆಯಿಂದ.

ಅಂಗಡಿಯಾಕೆ ಕೊಯ್ದ ಗಡ್ಡೆಯನ್ನು ಎತ್ತಿ ನೋಡಿದರು. ಆಮೇಲೆ ಗಿರಾಕಿಗಳಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು: "ಬೆಳ್ಳುಳ್ಳಿಗೆ ಚಳಿ ಬೇಕು ಯಜಮಾನ್ರೇ. ನಮ್ಮ ಕಡೆ ಚಳಿ ಎಲ್ಲಿದೆ? ಅದಕ್ಕೇ ನಿಮ್ಮ ಮನೆಯವರು ಬೀಜಾನ ಎರಡು ತಿಂಗಳು ಫ್ರಿಜ್ಜಲ್ಲಿ ಇಡ್ತಿದ್ದದ್ದು. ಚಳಿ ಸಿಗದಿದ್ದರೆ ಅದು ಎಸಳು ಒಡೆಯಲ್ಲ, ಹೀಗೇ ಒಂಟಿ ಗಡ್ಡೆಯಾಗಿ ನಿಂತುಬಿಡುತ್ತೆ. ಯಾರೂ ಬದಲಾಯಿಸಿಲ್ಲ. ಇದು ಅವರದ್ದೇ."

ಮಾವನ ಬಲಗೈ ಸುಮ್ಮಸುಮ್ಮನೆ ಜೇಬು ತಡಕುತ್ತಿತ್ತು. ನನಗೆ ಗಹಗಹಿಸಿ ನಗಬೇಕೆನಿಸಿತು. ಆರು ತಿಂಗಳ ಉರಿ ಎಲ್ಲ ಅಲ್ಲೇ ತೀರಿಸಿಕೊಳ್ಳಬೇಕೆನಿಸಿತು. ಆದರೆ ಆ ಕೈ ನೋಡಿ ಬೇಡವೆನಿಸಿತು.

"ಈ ಗುಂಡನ್ನೇ ಬೀಜ ಮಾಡಿ," ಎಂದರು ಅಂಗಡಿಯಾಕೆ. "ಕಾಲ ಬಂದಾಗ ಎರಡು ತಿಂಗಳು ತಣ್ಣಗೆ ಇಟ್ಟು ನೆಟ್ಟರೆ ಎಸಳು ಒಡೆಯುತ್ತೆ. ಎಲ್ಲಾ ಒಡೆಯುತ್ತೆ ಅಂತ ಹೇಳಲ್ಲ. ಒಂದಷ್ಟು ಬರುತ್ತೆ."

ಕೊಯ್ದದ್ದು ಬಿಟ್ಟು ಮನೆಯಲ್ಲಿ ನಲವತ್ತು ಗುಂಡು ಉಳಿದಿದ್ದವು. ನೆರಳಿನಲ್ಲಿ ಒಣಗಿಸಿ, ಬುಟ್ಟಿಯಲ್ಲಿಟ್ಟು ಕಾದೆವು. ಕಾಲ ಬಂದಾಗ ಮಾವನೇ ಬಿಸ್ಕತ್ತಿನ ಡಬ್ಬ ತೊಳೆದು, ಒರೆಸಿ, ಗುಂಡು ತುಂಬಿ ನನ್ನ ಕೈಗೆ ಕೊಟ್ಟರು.

"ಎಣಿಸಿ ಇಡಲಾ ಮಾವ?" ಎಂದೆ, ಸ್ವಲ್ಪ ಚುಚ್ಚಿಯೇ.

"ಬೇಡ," ಎಂದರು. ಕುರ್ಚಿಯನ್ನು ಎಳೆದುಕೊಂಡು ಹೋಗಿ ಕಿಟಕಿಯ ಕಡೆ ಹಾಕಿಕೊಂಡರು.

ನಾನು ಎಣಿಸಿದೆ. ಅವತ್ತಲ್ಲ, ಮರುದಿನ. ಆಮೇಲೆ ದಿನಾ. ಒಂದು ಸಲ ಕದ್ದು ಬೀರುವಿಗೆ ಸಾಗಿಸಿದ ಮನುಷ್ಯ ಇನ್ನೊಂದು ಸಲ ಸಾಗಿಸುವುದಿಲ್ಲ ಅಂತ ಏನು ಗ್ಯಾರಂಟಿ? ಅವರು ನೀರು ಕುಡಿಯಲು ಫ್ರಿಜ್ ತೆರೆದ ಸದ್ದು ಕೇಳಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಇಣುಕುತ್ತಿದ್ದೆ. ಗುಂಡಿನ ಮೇಲೆ ಹೊದಿಸಿದ ಕಾಗದದ ಮಡಿಕೆ ಹಾಗೇ ಇದೆಯೇ ಎಂದು ನೋಡುತ್ತಿದ್ದೆ. ನಲವತ್ತು. ನಲವತ್ತು. ನಲವತ್ತು.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಡಬ್ಬ ತೊಡೆಯ ಮೇಲಿಟ್ಟುಕೊಂಡು ಎಣಿಸುತ್ತಿದ್ದೆ. ಇಪ್ಪತ್ತಾರಕ್ಕೆ ಬಂದಾಗ ಬಾಗಿಲ ಬಳಿ ನೆರಳು ಬಿತ್ತು. ಮಾವ ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ರೇಗುತ್ತಾರೆ ಅಂದುಕೊಂಡೆ. ಲೋಟವನ್ನು ಮೇಜಿನ ಮೇಲಿಟ್ಟು ಎರಡೂ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದರು.

"ನಾನು ಮುಟ್ಟಿಲ್ಲಮ್ಮ," ಎಂದರು.

"ಗೊತ್ತು ಮಾವ," ಎಂದೆ. ಗೊತ್ತಿದ್ದರೆ ಎಣಿಸುತ್ತಾ ಯಾಕೆ ಕೂತಿದ್ದೆ? ನಾಚಿಕೆಯಿಂದ ಕಿವಿ ಬಿಸಿಯಾಯಿತು. ಉಳಿದದ್ದನ್ನು ಎಣಿಸದೆ ಮುಚ್ಚಳ ಹಾಕಿ, ಡಬ್ಬವನ್ನು ಫ್ರಿಜ್ಜಿನೊಳಗಿಟ್ಟು, ಅವರ ಲೋಟಕ್ಕೆ ನೀರು ಹಾಕಿ ಕೊಟ್ಟೆ.