ತಂತಿಯ ಕೆಳಗಿನ ಬಾಣಂತನ

ನನ್ನ ಮೊದಲ ಬಾಣಂತನ ಕಳೆದದ್ದು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಕಡೆಯ ನಮ್ಮ ಕುರಿಹಟ್ಟಿಯ ಹೊರಗೆ, ಒಂದು ಸೋಗೆ ಗುಡಿಸಲಲ್ಲಿ. ಎಪ್ಪತ್ತರ ದಶಕದ ಮಾತು. ನಮ್ಮವರಲ್ಲಿ ಹೆತ್ತವಳು ಕೂಸಿನ ಜೊತೆ ಹಟ್ಟಿಯ ಆಚೆಯೇ ಇರಬೇಕು. ಗೊತ್ತಾದ ದಿನ ಕಳೆದು, ಮಿಂದು, ಪೂಜೆಯಾದ ಮೇಲೆಯೇ ಒಳಗೆ. ಜಾಗವೂ ಹಿರಿಯರ ಕಾಲದಿಂದ ಗೊತ್ತಾದದ್ದೇ. ಹೆರಿಗೆ ಹತ್ತಿರವಾದಾಗ ಅಲ್ಲಿ ಗುಡಿಸಲು ಕಟ್ಟುತ್ತಿದ್ದರು, ಬಾಣಂತಿ ಒಳಗೆ ಹೋದ ಮೇಲೆ ಕಿತ್ತು ಸುಡುತ್ತಿದ್ದರು. ಉಳಿದ ದಿನ ನೋಡಿದರೆ ಅಲ್ಲಿ ಕುರಿ ಹಿಕ್ಕೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಕರೆಂಟಿನವರು ಅಳತೆಗೆ ಬಂದದ್ದು ಗುಡಿಸಲಿಲ್ಲದ ಅಂಥ ದಿನಗಳಲ್ಲೇ. ಹಟ್ಟಿಯಾಚೆ ಯಾರದೋ ತೆಂಗಿನ ತೋಟದ ಪಂಪ್‌ಸೆಟ್ಟಿಗೆ ಲೈನ್ ಎಳೆಯಬೇಕಿತ್ತು. ಖಾಲಿ ಜಾಗದ ಮೇಲೆ ತಂತಿ ಹಾಯಿಸುವ ಹಕ್ಕು ನಮಗಿದೆ, ತಕರಾರಿದ್ದರೆ ಈಗಲೇ ಹೇಳಿ ಎಂದರಂತೆ. ಹಟ್ಟಿಯ ಯಜಮಾನರು ಆಗಲಿ ಎಂದು ತಲೆಯಾಡಿಸಿದರು. ಬಾಣಂತಿ ಜಾಗದ ಮಾತನ್ನು ನಮ್ಮ ಗಂಡಸರು ಬಾಯಿಗೆ ತರುವುದಿಲ್ಲ, ಹೊರಗಿನವರ ಮುಂದಂತೂ ಇಲ್ಲವೇ ಇಲ್ಲ. ಹೀಗೆ ಮೊದಲು ತಂತಿ ಬಂತು. ಆಮೇಲೆ ಅದರ ಕೆಳಗೇ ನನಗೆ ಗುಡಿಸಲು ಕಟ್ಟಿದರು.

ಆಷಾಢದಲ್ಲಿ ನಮ್ಮ ಸೀಮೆಯ ಗಾಳಿ ಹೇಗಿರುತ್ತದೆ ಎಂದು ಅಲ್ಲಿ ಇದ್ದವರಿಗೇ ಗೊತ್ತು. ಜೋತುಬಿದ್ದ ತಂತಿಗಳು ಒಂದಕ್ಕೊಂದು ತಾಗಿ ಚಟಚಟ ಸಿಡಿದು ಕಿಡಿ ಉದುರುತ್ತಿದ್ದವು. ಕೆಳಗೆ ಒಣ ಸೋಗೆ, ಅದರ ಕೆಳಗೆ ನಾನು, ನನ್ನ ಮಡಿಲಲ್ಲಿ ಕಣ್ಣು ಸರಿಯಾಗಿ ಬಿಡದ ಮಗಳು. ಗಾಳಿ ಎದ್ದರೆ ಸಾಕು, ಅವಳ ಮೇಲೆ ಬಾಗಿ, ಬೆನ್ನನ್ನೇ ಸೂರು ಮಾಡಿಕೊಂಡು ಕೂರುತ್ತಿದ್ದೆ. ಹಟ್ಟಿಗೆ ಓಡಿಹೋಗಲು ಎಷ್ಟು ದೂರ? ಕೂಗಿದರೆ ಕೇಳುವಷ್ಟು. ಆದರೆ ದಿನ ತುಂಬದೆ ಒಳಗೆ ಕಾಲಿಟ್ಟರೆ ದೇವರು ಮುನಿದು ಮಂದೆಗೆ ಮಂದೆಯೇ ಹೋಗುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿದ್ದೆ. ಏಳನೇ ಕ್ಲಾಸು ಓದಿದವಳಾದರೂ ನಂಬಿದ್ದೆ. ಮೇಲೆ ತಂತಿಯ ಭಯ, ಮುಂದೆ ದೇವರ ಭಯ. ಎರಡಕ್ಕೂ ಮಿಗಿಲಾಗಿ ಅತ್ತೆಯ ಭಯ. ದಿನಾ ಮುದ್ದೆ, ಸಾರು ತಂದು ದೂರದಲ್ಲಿಟ್ಟು, ಒಂದು ಮಾತೂ ಆಡದೆ, ಗುಡಿಸಲ ಕಡೆ ಕಣ್ಣೆತ್ತಿಯೂ ನೋಡದೆ ತಿರುಗಿ ಹೋಗುತ್ತಿದ್ದರು. ಎಂಥ ಕಲ್ಲು ಮನಸ್ಸಿನವರು ಎಂದು ಬೈದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಸೋಗೆಗೆ ಕಿಡಿ ಹತ್ತಿಯೇ ಬಿಟ್ಟಿತು. ಕುಡಿಯಲು ಇಟ್ಟಿದ್ದ ಕೊಡದ ನೀರು ಎರಚಿ ಆರಿಸಿದೆ. ಹೊಗೆ ಕಂಡು ನನ್ನ ಗಂಡ ಓಡಿ ಬಂದು ಅಷ್ಟು ದೂರದಲ್ಲೇ ನಿಂತ.

"ಕೂಸು?" ಎಂದ.

"ಐತೆ," ಎಂದೆ. ಅಳು ತಡೆಯಲಾಗಲಿಲ್ಲ. ಅವನು ಯಾರನ್ನೂ ಕೇಳದೆ ಹಿರಿಯೂರಿನ ಕರೆಂಟ್ ಆಫೀಸಿಗೆ ಹೊರಟುಹೋದ.

ಮಾರನೆಯ ದಿನ ಇಂಜಿನಿಯರ್ ಒಬ್ಬ ಲೈನ್‌ಮ್ಯಾನನ್ನು ಕರೆದುಕೊಂಡು ಬಂದರು. ಗಂಡಸರೆಲ್ಲ ಕಂಬದ ಹತ್ತಿರ ಸೇರಿದರು. ನಾನು ಗುಡಿಸಲ ಬಾಗಿಲಲ್ಲಿ ಮಗಳನ್ನು ಅವುಚಿಕೊಂಡು ನಿಂತೆ.

"ನೋಡ್ರಿ, ಜನ ವಾಸ ಇರೋ ಮನೆ ಮೇಲೆ ಹಿಂಗೆ ತಂತಿ ಬಿಡೋಹಂಗಿಲ್ಲ. ಅದು ನಮ್ಮ ಜವಾಬ್ದಾರಿ," ಎಂದರು ಇಂಜಿನಿಯರ್. "ಆದ್ರೆ ತಂತಿ ಎಳೆದ ಮೇಲೆ ನೀವೇ ಬಂದು ಅದರ ಕೆಳಗೆ ಕಟ್ಕೊಂಡ್ರೆ ನಾವೇನು ಮಾಡಾಣ? ಮೊದ್ಲಿಂದ ಇಲ್ಲಿ ಮನೆ ಇತ್ತಾ?"

ಯಜಮಾನರು ನೆಲ ನೋಡಿದರು. "ಮನೆ ಅಂದ್ರೆ ದೀಪ ಹಚ್ಚೋ ಜಾಗ ಸ್ವಾಮಿ. ಇದು ಮನೆ ಅಲ್ಲ."

"ಹಂಗಾದ್ರೆ ಕಿತ್ತು ಅತ್ಲಾಗೆ ಹಾಕ್ರಿ."

"ಜಾಗ ಬದಲಿಸಂಗಿಲ್ಲ."

ಇಂಜಿನಿಯರ್ ಹಣೆ ಒರೆಸಿಕೊಂಡರು. ಅವರ ಕಾನೂನಿಗೆ ಅದು ಮನೆಯಾಗಬೇಕು. ನಮ್ಮವರ ಬಾಯಲ್ಲಿ ಅದು ಮನೆ ಆಗುವ ಹಾಗಿಲ್ಲ. ನನ್ನ ಗಂಡ ಬಾಯಿ ತೆರೆದು, ಯಜಮಾನರ ಮುಖ ನೋಡಿ, ಮುಚ್ಚಿದ. ಇವರು ಹೀಗೇ ಹೊರಟುಹೋಗುತ್ತಾರೆ, ಸಂಜೆ ಗಾಳಿ ಏಳುತ್ತದೆ, ನನ್ನ ಮಗಳು ಸುಟ್ಟುಹೋಗುತ್ತಾಳೆ ಎಂದು ಮಗಳನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡೆ.

ಆಗ ಅತ್ತೆ ಊಟದ ಗಂಗಾಳ ಹಿಡಿದು ಬಂದರು. ನೆಲಕ್ಕೆ ಇಡಲಿಲ್ಲ, ಹಿಡಿದೇ ನಿಂತರು.

"ಸ್ವಾಮಿ, ನಾನು ಇಲ್ಲೇ ಮೂರು ಹಡ್ದೀನಿ," ಎಂದು ನನ್ನ ಗಂಡನ ಕಡೆ ಕೈ ತೋರಿದರು. "ಇವನೊಬ್ಬ ಹಟ್ಟಿ ಒಳಗೆ ಬಂದ. ಇನ್ನೆರಡು ಇಲ್ಲೇ ಹೋದವು. ಒಂದು ಥಂಡಿಗೆ. ಇನ್ನೊಂದು ಯಾತಕ್ಕೆ ಅಂತ ಗೊತ್ತಾಗ್ಲಿಲ್ಲ, ಬೆಳಗ್ಗೆ ನೋಡಿದ್ರೆ ಇರ್ಲಿಲ್ಲ. ಹುಟ್ಟಾದೂ ಇಲ್ಲೇ, ಸಾಯಾದೂ ಇಲ್ಲೇ ಆದ್ಮೇಲೆ ಇದು ಮನೆ ಅಲ್ದೆ ಇನ್ನೇನು?"

ಇಂಜಿನಿಯರ್ ಲೈನ್‌ಮ್ಯಾನನ ಕಡೆ ತಿರುಗಿ, ಈಗಲೇ ಹೋಗಿ ಫ್ಯೂಸ್ ಕೀಳು, ಕಂಬ ಆಚೆ ಹಾಕುವ ತನಕ ಈ ಲೈನಿಗೆ ಕರೆಂಟು ಬಿಡಬೇಡ ಎಂದರು. ಗಂಡ ನನ್ನ ಕಡೆ ನೋಡಿ ನಕ್ಕ. ನನಗೆ ನಗು ಬರಲಿಲ್ಲ. ಆ ಎರಡು ಕೂಸುಗಳ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ.

ಎಲ್ಲರೂ ಹೋದ ಮೇಲೆ ಅತ್ತೆ ಗಂಗಾಳವನ್ನು ಎಂದಿನ ಜಾಗದಲ್ಲಿ ಇಟ್ಟರು.

"ಅತ್ತೆ, ನಾನು ಒಳಗೆ ಬಂದುಬಿಡ್ಲಾ?" ಎಂದೆ.

"ಇನ್ನೂ ದಿನ ಐತಲ್ಲವ್ವಾ," ಎಂದು ತಲೆ ತಗ್ಗಿಸಿಕೊಂಡು ಹೊರಟುಹೋದರು.

ಮೇಲೆ ತಂತಿ ಕರೆಂಟಿಲ್ಲದೆ ಸುಮ್ಮನೆ ಜೋತಾಡುತ್ತಿತ್ತು. ಸೋಗೆ ಸಂದಿಯಿಂದ ಥಂಡಿ ಗಾಳಿ ನುಗ್ಗುತ್ತಿತ್ತು. ನಾನು ಒಳಗೆ ಹೋಗಿ, ಮಗಳ ಮೂಗಿನ ಹತ್ತಿರ ಬೆರಳಿಟ್ಟು, ಉಸಿರು ತಾಗುತ್ತಿದೆಯೇ ಎಂದು ನೋಡುತ್ತ ಕುಳಿತೆ. ಹಟ್ಟಿಗೆ ಕರೆದುಕೊಳ್ಳುವ ದಿನದವರೆಗೂ ಹಾಗೆಯೇ ಕುಳಿತಿದ್ದೆ.