ಮಾವನ ಗಾಡಿಯ ಕಟಕಟ

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಮನೆಗೆ ಹೋದರೂ ಅಲ್ಲಿ ಯಾವುದು ಸರಿಯಿಲ್ಲ ಎಂದು ಹೇಳದೆ ಎಲೆ ಮುಂದೆ ಕೂರಲಾರೆ. ಫ್ಯಾನು ಅಲುಗುತ್ತದೆ ಎನ್ನುತ್ತೇನೆ, ನಲ್ಲಿ ತೊಟ್ಟಿಕ್ಕುತ್ತದೆ ಎನ್ನುತ್ತೇನೆ, ಬಾಗಿಲು ಓರೆ ಎನ್ನುತ್ತೇನೆ. ಮುಳಬಾಗಿಲಿನಲ್ಲಿ ಕೂತು ಊರವರ ತೆರಿಗೆ ಲೆಕ್ಕ ನೋಡುವುದು ನನ್ನ ಕಸುಬು. ವಾರವಿಡೀ ತಪ್ಪು ಹುಡುಕುವವನಿಗೆ ಭಾನುವಾರ ಮಾತ್ರ ಕಣ್ಣು ಮುಚ್ಚಿಕೋ ಎಂದರೆ ಹೇಗೆ? ಹೀಗೆಂದು ನಾನು ಹೆಂಡತಿಯ ಮುಂದೆ ವಾದಿಸುತ್ತೇನೆ. ಅವಳು ‘ನಿಮ್ಮ ತಪ್ಪು ಹುಡುಕೋಕೆ ನಾನೊಬ್ಳಿದ್ದೀನಲ್ಲ, ಸಾಕು’ ಎಂದು ಒಳಗೆ ಹೋಗುತ್ತಾಳೆ.

ಅಂಥ ಒಂದು ಭಾನುವಾರ ಬೈರಕೂರಿನ ನನ್ನ ಸೋದರಮಾವನ ಮನೆಗೆ ಊಟಕ್ಕೆ ಹೋಗಿದ್ದೆ. ಮಾವ ತೋಟದಿಂದ ಬೈಕಿನಲ್ಲಿ ಬಂದರು. ಅವರು ಮದುವೆಗೆ ಮುಂಚೆ ಕೊಂಡ ಗಾಡಿ ಅದು. ಅಕ್ಕಪಕ್ಕ ಎರಡು ಸೈಲೆನ್ಸರು, ಕಿಕ್ಕಿಗೂ ಗೇರಿಗೂ ಕಾಲಲ್ಲಿ ಒದೆಯುವ ಒಂದೇ ಸನ್ನೆ, ಅಗಲವಾದ ಚಪ್ಪಟೆ ಸೀಟು, ಎಡಗಡೆ ಅತ್ತೆ ಕಾಲಿಟ್ಟು ಕೂರಲೆಂದು ವೆಲ್ಡಿಂಗ್ ಮಾಡಿಸಿದ ಒಂದು ಹಲಗೆ. ಅದರ ಹೊಗೆ ಹೋದ ಮೇಲೂ ಅದರ ಸದ್ದು ಬೀದಿಯಲ್ಲಿ ಉಳಿಯುತ್ತಿತ್ತು. ಡಬ್ ಡಬ್ ಎಂಬ ಸದ್ದಿನ ಒಳಗೆ ಇನ್ನೊಂದು ಸಣ್ಣ ಸದ್ದು, ಕಟ ಕಟ ಕಟ, ಯಾರೋ ಒಳಗೆ ಕೂತು ಎಲೆಯಡಿಕೆ ಕುಟ್ಟಿದಂತೆ. ನನ್ನ ಕಿವಿ ನೆಟ್ಟಗಾಯಿತು.

‘ಮಾವ, ಇಂಜಿನ್ನಲ್ಲಿ ಸದ್ದಿದೆ,’ ಎಂದೆ.

‘ಅದು ನಮ್ ಮದ್ವೆ ಆದಾಗ್ನಿಂದ ಇದೆ ಕಣೋ. ನಿಮ್ಮತ್ತೆ ಬಾಯಿ ಥರ. ನಾನೆಂದಾದ್ರೂ ಬಿಚ್ಚಿಸ್ತೀನಿ ಅಂದಿದ್ದೀನಾ?’

ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. ಆ ವರ್ಷ ನಾನು ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಹಳೆಯ ಇಂಜಿನ್ನು ಬಿಚ್ಚಿ ಕಟ್ಟುವವರ ವಿಡಿಯೋ ನೋಡುವ ಚಟಕ್ಕೆ ಬಿದ್ದಿದ್ದೆ. ಬಿಳಿ ಬಟ್ಟೆ ಹಾಸಿದ ಮೇಜು, ಹೊಳೆಯುವ ಸ್ಪ್ಯಾನರು, ಮಾತೇ ಆಡದ ಎರಡು ಕೈ. ಅರ್ಧ ಗಂಟೆಯಲ್ಲಿ ತುಕ್ಕು ಹಿಡಿದದ್ದು ಹೊಸದಾಗಿಬಿಡುತ್ತಿತ್ತು. ಆ ಕೈಗಳು ನನ್ನವೇ ಎಂದು ನನಗೆ ಯಾವಾಗ ಅನಿಸತೊಡಗಿತೋ ಗೊತ್ತಿಲ್ಲ. ಪಿಸ್ಟನ್ ಸವೆದಿದೆ, ಇನ್ನು ಸ್ವಲ್ಪ ದಿನ ಬಿಟ್ಟರೆ ನಡುರಸ್ತೆಯಲ್ಲಿ ಹಿಡಿದುಕೊಳ್ಳುತ್ತದೆ, ಅತ್ತೆಯನ್ನು ಕೂರಿಸಿಕೊಂಡು ಬೀಳುತ್ತೀರಿ ಎಂದೆಲ್ಲ ಹೆದರಿಸಿದೆ. ಅತ್ತೆಯ ಹೆಸರು ಬಂದದ್ದೇ ಮಾವ ಮೆತ್ತಗಾದರು. ‘ಆಯ್ತು ನೋಡಪ್ಪ. ಓದ್ಕೊಂಡಿರೋನು,’ ಎಂದರು. ನಾನು ಓದಿದ್ದು ವಾಣಿಜ್ಯ ಎಂಬುದು ಇಬ್ಬರಿಗೂ ಆಗ ನೆನಪಾಗಲಿಲ್ಲ.

ಮಾವಿನ ಕಾಲ ಮುಗಿದು ಖಾಲಿ ಬಿದ್ದಿದ್ದ ಅವರ ಹಣ್ಣಿನ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿ ಬಿಚ್ಚತೊಡಗಿದೆ. ಬಿಚ್ಚುವುದರಲ್ಲಿ ನಾನು ನಿಜಕ್ಕೂ ಗಟ್ಟಿಗ. ಹೆಡ್ಡು ಬಂತು, ಬ್ಯಾರಲ್ ಬಂತು, ಪಿಸ್ಟನ್ ಬಂತು. ಪಿಸ್ಟನ್ ಪಿನ್ನನ್ನು ಹಿಡಿದಿಡುವ ತಂತಿಯ ಉಂಗುರ ಮಾತ್ರ ಬರುವ ಬದಲು ಹಾರಿತು. ಅದನ್ನು ಹುಡುಕಲು ಶೆಡ್ಡಿನ ಹುಲ್ಲೆಲ್ಲ ತೆಗೆದೆವು. ಸಿಕ್ಕಿದ್ದು ಅತ್ತೆಯ ದನದ ಗೊಂತಿನಲ್ಲಿ. ಇನ್ನೊಂದು ಗಳಿಗೆ ತಡವಾಗಿದ್ದರೆ ಎಮ್ಮೆ ಅದನ್ನು ನುಂಗಿ, ಮಾವ ನನ್ನನ್ನು ನುಂಗುತ್ತಿದ್ದರು. ಸಂಜೆಯ ಹೊತ್ತಿಗೆ ಗಾಡಿ ಹಣ್ಣಿನ ಕ್ರೇಟುಗಳಲ್ಲಿ ತುಂಬಿಕೊಂಡಿತ್ತು. ಮಾವ ಒಂದು ಕ್ರೇಟಿನೊಳಗೆ ಇಣುಕಿ, ‘ಲೇ, ಇದ್ರಲ್ಲಿ ನನ್ ಗಾಡಿ ಯಾವ್ದೋ?’ ಎಂದರು.

ಮರುದಿನದಿಂದ ಬೆಳಗಾಗೆದ್ದರೆ ಅವರ ಫೋನು. ನಮ್ಮ ಕಡೆ ಸಿಟ್ಟು, ಸಂಕಟ, ಸಾಲ ಎಲ್ಲವೂ ತೆಲುಗಿನಲ್ಲೇ ಬರುವುದು. ‘ಅಯಿಪೋಯಿಂದಾ?’ ಎಂದು ಒಂದೇ ಮಾತು. ಆಯಿತೇ? ನಾನು ‘ಇಂಕಾ ಲೇದು ಮಾವಾ,’ ಇನ್ನೂ ಇಲ್ಲ, ಎನ್ನುವುದು. ಅವರು ಫೋನಿಡುವುದು.

ಬ್ಯಾರಲನ್ನು ಚೀಲದಲ್ಲಿ ಹಾಕಿಕೊಂಡು ಕೋಲಾರಕ್ಕೆ ಹೋದೆ. ಲೇತು ಅಂಗಡಿಯವನು ಅದರೊಳಗೆ ಬೆರಳಾಡಿಸಿ, ‘ಇದಕ್ಕೇನಾಗಿತ್ತು ಅಂತ ಬಿಚ್ಚಿದ್ರಿ ಸಾರ್?’ ಎಂದ. ಸದ್ದು ಎಂದೆ. ‘ಸದ್ದು ಇದ್ರದ್ದೇ ಅಂತ ಯಾರಂದ್ರು?’ ಎಂದ. ನಾನೇ ಅಂದದ್ದು ಎನ್ನಲು ನಾಲಿಗೆ ಹೊರಳಲಿಲ್ಲ. ‘ಮೆಕಾನಿಕ್ ಹೇಳಿದ’ ಎಂದೆ. ‘ಯಾವನ್ಸಾರ್ ಆ ದರಿದ್ರದೋನು?’ ಎಂದು ಅವನು ಕೇಳಿದಾಗ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ. ಸುಮ್ಮನೆ ಹಿಂದಿರುಗಿದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಬ್ಯಾರಲನ್ನು ಕೊರೆಸಿದೆ, ಅದಕ್ಕೆ ತಕ್ಕ ಹೊಸ ಪಿಸ್ಟನ್ ತರಿಸಲು ಹೇಳಿದೆ.

ಆ ಪಿಸ್ಟನ್ನಿಗೆ ಕಾಯುತ್ತಿದ್ದಾಗಲೇ ಲಕ್ಕೂರಿನಿಂದ ಮಾವನಿಗೆ ಫೋನು ಬಂತು. ಲಕ್ಕೂರು ಮಾಲೂರಿನ ಆಚೆ, ಅಲ್ಲಿ ಅತ್ತೆಯ ಅಕ್ಕ ಇದ್ದರು. ಅವರ ಸೊಸೆ ಅಳುತ್ತ, ‘ನಮ್ಮತ್ತೆ ಹಾಸಿಗೆ ಹಿಡಿದವ್ರೆ. ಗಂಜಿ ಬಿಟ್ರೆ ಏನೂ ಸೇರ್ತಿಲ್ಲ. ಚಿಕ್ಕಮ್ಮನ್ನ ಕರ್ಕೊಂಬನ್ನಿ, ಬೇಗ ಬನ್ನಿ,’ ಎಂದಳಂತೆ.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಅತ್ತೆಗೆ ಬಸ್ಸು, ಕಾರು ಆಗಿಬರುವುದಿಲ್ಲ. ಬಾಗಿಲು ಮುಚ್ಚಿದ್ದೇ ಹೊಟ್ಟೆ ತೊಳಸುತ್ತದೆ. ಅವರು ಜನ್ಮದಲ್ಲಿ ಮಾಡಿದ ಪ್ರಯಾಣವೆಲ್ಲ ಆ ಗಾಡಿಯ ಹಿಂದೆ, ಆ ಹಲಗೆಯ ಮೇಲೆ ಕಾಲಿಟ್ಟು. ವರ್ಷಕ್ಕೊಮ್ಮೆ ಮಾವಿನಹಣ್ಣಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಲಕ್ಕೂರಿಗೆ ಹೋಗುತ್ತಿದ್ದದ್ದೂ ಹಾಗೆಯೇ. ಆ ಗಾಡಿಯನ್ನು ನಾನು ಕ್ರೇಟಿಗೆ ತುಂಬಿದ್ದೆ. ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ನಾನು ಬಿಟ್ಟದ್ದು ಬೇರೆಯವರ ಪಂಚೆಗೆ.

ಗೆಳೆಯನ ಕಾರು ತಂದೆ. ಅತ್ತೆ ನಿಂಬೆಹಣ್ಣು ಮೂಸುತ್ತ, ‘ಅಕ್ಕನಿಗೋಸ್ಕರ ತಡ್ಕೋತೀನಿ’ ಎಂದು ಹತ್ತಿದರು. ಮುಳಬಾಗಿಲು ಮುಟ್ಟುವಷ್ಟರಲ್ಲಿ ಕರುಳೇ ಬಾಯಿಗೆ ಬಂದಂತಾಗಿ, ರಸ್ತೆಬದಿಯ ಕಲ್ಲಿನ ಮೇಲೆ ಕೂತು, ಏಳಲಾರದೆ ಅತ್ತರು. ನನ್ನ ಸ್ಕೂಟರಿನಲ್ಲಿ ಕೂರಿಸಿ ನೋಡಿದೆ. ಊರ ಬಾಗಿಲಿಗೇ ‘ಇಳ್ಸೋ, ಜಾರ್ತೀನಿ, ತಲೆ ತಿರುಗ್ತದೆ’ ಎಂದು ನನ್ನ ಅಂಗಿ ಹರಿದರು. ಮಾವ ಏನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಕ್ರೇಟುಗಳ ಕಡೆ ಕೈ ತೋರಿಸಿ, ‘ಕಟ್ಟು’ ಎಂದರು. ಆ ದಿನ ನನ್ನ ಮೇಲೆ ನನಗೇ ಹುಟ್ಟಿದ ಅಸಹ್ಯವನ್ನು ಇಲ್ಲಿ ನಗೆಚಾಟಿಕೆ ಮಾಡಿ ಬರೆಯಲು ಆಗುತ್ತಿಲ್ಲ.

ಪಿಸ್ಟನ್ ಬಂದದ್ದು ಆಯುಧಪೂಜೆಯ ದಿನ. ಓಡೋಡಿ ಬೈರಕೂರಿಗೆ ಹೋದರೆ, ಅತ್ತೆ ಶೆಡ್ಡನ್ನು ಸಾರಿಸಿ, ರಂಗೋಲಿ ಹಾಕಿ, ಗಾಡಿಯ ಭಾಗಗಳನ್ನೆಲ್ಲ ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿದ್ದರು.

‘ಬಿಡಿಬಿಡಿಯಾಗಿದ್ರೂ ಗಾಡಿ ಗಾಡೀನೇ ಕಣೋ. ಪೂಜೆ ತಪ್ಪಿಸ್ಬಾರ್ದು.’

ಹೊಸ ಪಿಸ್ಟನ್ನನ್ನೂ ನನ್ನ ಕೈಯಿಂದ ಕಿತ್ತುಕೊಂಡು ಮಧ್ಯದಲ್ಲಿ ನಿಲ್ಲಿಸಿದರು. ಅದಕ್ಕೆ ಮೂರು ಗೆರೆ ವಿಭೂತಿ. ಕ್ಲಚ್ಚಿಗೆ, ಕಾರ್ಬುರೇಟರಿಗೆ, ಒಂದೊಂದು ನಟ್ಟಿಗೂ ಕುಂಕುಮದ ಬೊಟ್ಟು. ಕಣ್ಣು ಮುಚ್ಚಿ, ‘ಅಕ್ಕನ ಹತ್ರ ಮುಟ್ಸಪ್ಪ’ ಎಂದು ಕೈತುಂಬ ಅಕ್ಷತೆ ಎರಚಿದರು. ನಾನು ಸ್ಪ್ಯಾನರಿಗೆ ಕೈ ಹಾಕಿದೆ. ಅದೂ ಬಾಳೆಲೆಯ ಮೇಲಿತ್ತು. ‘ಇವತ್ತು ಆಯುಧ ಮುಟ್ಟಂಗಿಲ್ಲ’ ಎಂದರು. ಹೋಗಬೇಕಾದವರೇ ತಡೆದರೆ ನಾನೇನು ಮಾಡಲಿ? ಕೋಸಂಬರಿ ತಿಂದು ಮನೆಗೆ ಬಂದೆ.

ವಿಜಯದಶಮಿಯ ಬೆಳಿಗ್ಗೆ ಕುಂಕುಮ ಒರೆಸಿ, ವಿಭೂತಿ ತೊಳೆದು, ಕಟ್ಟತೊಡಗಿದೆ. ವಿಡಿಯೋದ ಕೈಗಳಿಗೆ ಬೆವರು ಬರುತ್ತಿರಲಿಲ್ಲ, ಚರ್ಮ ಕಿತ್ತುಬರುತ್ತಿರಲಿಲ್ಲ. ಕಟ್ಟಿ ಮುಗಿಸಿದಾಗ ಒಂದು ಸಣ್ಣ ವಾಷರು ಉಳಿಯಿತು. ತಾಳೆಯಾಗದ ಲೆಕ್ಕಕ್ಕೆ ಗಿರಾಕಿಗಳನ್ನು ಗೋಳಾಡಿಸುವ ನಾನು ಅದನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ. ಮಾವ ನೋಡಿದರು. ‘ಅದೇನೋ?’ ಎಂದರು. ‘ಸ್ಪೇರು’ ಎಂದೆ.

ಸನ್ನೆ ಒದ್ದೆ. ಇಲ್ಲ. ಮತ್ತೆ ಒದ್ದೆ. ಮಾವ ಒದ್ದರು. ಪ್ಲಗ್ಗು ಬಿಚ್ಚಿದರೆ ಕಿಡಿ ಬರುತ್ತಿತ್ತು, ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. ಆದರೆ ಇಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಅಷ್ಟರಲ್ಲಿ ಲಕ್ಕೂರಿನಿಂದ ಮತ್ತೆ ಫೋನು. ಅತ್ತೆ ಮಾತಾಡಿ, ಫೋನಿಟ್ಟು, ಹೊಸ ಸೀರೆಯಲ್ಲೇ ಕ್ರೇಟಿನ ಮೇಲೆ ಕೂತರು. ‘ನಾಳೆ ಹೊತ್ಗೆ ಆಗ್ತದೇನೋ?’ ಎಂದು ಕೇಳಿದ ದನಿಯಲ್ಲಿ ಜೀವವೇ ಇರಲಿಲ್ಲ. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದ ಎಂಬ ಗಾದೆಯನ್ನು ಮಾವ ಎಮ್ಮೆಗೆ ಹೇಳುವಂತೆ ಹೇಳಿ ಹೊರಗೆ ಹೋದರು.

ಪೆಟ್ರೋಲ್ ಇಂಜಿನ್ನಿನೊಳಕ್ಕೆ ಹೋಗುತ್ತಿಲ್ಲವೇನೋ ಎಂಬ ಅನುಮಾನ ಕೊನೆಗೂ ನನ್ನ ತಲೆಗೆ ಹೊಳೆಯಿತು. ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಚಿಮ್ಮುವ ಪುಟ್ಟ ಹಿತ್ತಾಳೆಯ ಜೆಟ್ಟನ್ನು ಬೆಳಕಿಗೆ ಹಿಡಿದೆ. ತೂತು ಕಾಣಲಿಲ್ಲ. ಗುಂಡುಸೂಜಿಯಿಂದ ಚುಚ್ಚಿದೆ. ಅಂಗೈಗೆ ಬಿದ್ದದ್ದು ಹಳದಿ ಬಣ್ಣದ ಒಂದು ಅಕ್ಕಿನುಚ್ಚು. ಅತ್ತೆಯ ಅಕ್ಷತೆ!

ಅಬ್ಬಾ, ನನಗಾದ ಆನಂದ ಹೇಳತೀರದು. ಇಷ್ಟು ದಿನದಲ್ಲಿ ನನ್ನದಲ್ಲದ ತಪ್ಪು ಅದೊಂದೇ! ಅಂಗೈ ಚಾಚಿಕೊಂಡು ಓಡಿದೆ. ‘ನೋಡಿ ಅತ್ತೆ, ನಿಮ್ಮ ಆಶೀರ್ವಾದ ಎಲ್ಲಿ ಸಿಕ್ಕಿಹಾಕ್ಕೊಂಡಿತ್ತು!’

ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. ‘ಹಾಕೋದು ನನ್ ಕೆಲಸ. ತೊಳೆಯೋದು ಯಾರ್ದು?’ ಎಂದರು. ನನ್ನ ಆನಂದ ಅಲ್ಲಿಗೆ ಮುಗಿಯಿತು.

ಜೆಟ್ಟು ಹಾಕಿ ಮಾವ ಒದ್ದರು. ಶೆಡ್ಡಿನ ತುಂಬ ನೀಲಿ ಹೊಗೆ, ಡಬ್ ಡಬ್ ಡಬ್. ನಿಜ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರೇ ಬಂತು. ಆದರೆ ಹೊಗೆ ಸರಿಯುತ್ತಿದ್ದಂತೆ ಆ ಡಬ್ ಡಬ್ಬಿನ ಒಳಗಿಂದ ಮೆಲ್ಲಗೆ, ಸ್ಪಷ್ಟವಾಗಿ, ಕಟ ಕಟ ಕಟ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ! ಕಿವಿಯಿಟ್ಟು ಆಲಿಸಿದೆ. ಅದು ಪಿಸ್ಟನ್ನಿನ ಕಡೆಯಿಂದಲ್ಲ, ಕ್ಲಚ್ಚಿನ ಕಡೆಯಿಂದ ಬರುತ್ತಿತ್ತು. ನಾನು ಕೊರೆಸಿ, ಬದಲಿಸಿ, ಅತ್ತೆಯನ್ನು ಅಳಿಸಿ, ಎಲ್ಲ ಮಾಡಿದ್ದು ಏನೂ ಆಗದ ಜಾಗಕ್ಕೆ.

‘ಸದ್ದು ಹಂಗೇ ಇದ್ಯಲ್ಲೋ?’ ಎಂದರು ಮಾವ.

‘ಸ್ವಲ್ಪ ಕಮ್ಮಿಯಾಗಿದೆ ಮಾವ.’

‘ಇಲ್ಲ,’ ಎಂದರು.

ಮರುದಿನ ಹೊತ್ತು ಹುಟ್ಟುವಾಗಲೇ ಹೊರಟೆವು. ಅವರಿಬ್ಬರು ಗಾಡಿಯಲ್ಲಿ, ನಾನು ಹಿಂದೆ ಸ್ಕೂಟರಿನಲ್ಲಿ, ಕಾಲ ಬಳಿ ಸ್ಪ್ಯಾನರಿನ ಚೀಲ. ಜೇಬಿನಲ್ಲಿ ಆ ವಾಷರು. ಪೆಟ್ರೋಲಿನ ವಿಷಯದಲ್ಲಿ ಮಾವ ಮಹಾ ಜುಗ್ಗ. ಇಳಿಜಾರು ಕಂಡರೆ ಇಂಜಿನ್ ಆರಿಸಿ ಜಾರುತ್ತಾರೆ, ಸಿಗ್ನಲ್ಲಿನಲ್ಲಿ ಆರಿಸುತ್ತಾರೆ, ದಾರಿಯಲ್ಲಿ ಪರಿಚಯದವರು ನಮಸ್ಕಾರ ಎಂದರೂ ಆರಿಸಿಯೇ ಮರುನಮಸ್ಕಾರ. ಅದು ಗೊತ್ತಿದ್ದೂ ದೇವರಾಯಸಮುದ್ರದ ಹತ್ತಿರ ಇಳಿಜಾರಿನಲ್ಲಿ ಸದ್ದು ನಿಂತಾಗ ನನ್ನ ಎದೆಯೂ ನಿಂತಿತು. ಇಂಜಿನ್ ಹಿಡಿದುಕೊಂಡಿತು, ಅತ್ತೆಯನ್ನು ಬೀಳಿಸಿದೆ ಎಂದುಕೊಂಡು ಹಾರನ್ ಒತ್ತುತ್ತ ಪಕ್ಕಕ್ಕೆ ಹೋದರೆ, ಮಾವ ಹಾಯಾಗಿ ಕೆರೆ ನೋಡುತ್ತ ಜಾರುತ್ತಿದ್ದರು. ಅತ್ತೆ ‘ಏನೋ?’ ಎಂದರು. ‘ಏನಿಲ್ಲ, ಕೆರೆ ತುಂಬಿದೆ’ ಎಂದೆ. ಕೋಲಾರ ದಾಟಿ ಮಾಲೂರು ಬರುವವರೆಗೆ ಇದೇ ಕತೆ. ಆರಿದಾಗಲೆಲ್ಲ ನಾನು ಸಾಯುವುದು, ಕಟ ಕಟ ಎಂದಾಗ ಹುಟ್ಟುವುದು. ಬೈರಕೂರಿನಲ್ಲಿ ನನ್ನ ಮಾನ ಕಳೆದಿದ್ದ ಆ ಸದ್ದಿಗೆ ದಾರಿಯುದ್ದಕ್ಕೂ ಕೈಮುಗಿಯುತ್ತ ಹೋದೆ.

ಲಕ್ಕೂರಿನ ಆ ಮನೆಯ ತಿರುವಿಗೆ ನಾವು ಬರುತ್ತಿದ್ದಂತೆ ಸೊಸೆ ಬಾಗಿಲಿಗೆ ಓಡಿಬಂದಳು. ಸೆರಗಿನಿಂದ ಕಣ್ಣೊರೆಸುತ್ತ, ‘ನೆನ್ನೆಯಿಂದ ಕರೆದ್ರೂ ಓಗೊಟ್ಟಿರ್ಲಿಲ್ಲ. ಈಗ ತಾವೇ ಕಣ್ಬಿಟ್ರು. “ನನ್ ತಂಗಿ ಬಂದ್ಲು, ಎಸರಿಡೇ” ಅಂದ್ರು. “ಯಾರೂ ಇಲ್ವಲ್ಲ ಅತ್ತೆ” ಅಂದೆ. ಆಮೇಲೆ ನಂಗೂ ಆ ಕಟಕಟ ಕೇಳಿಸ್ತು,’ ಎಂದಳು.

ಅತ್ತೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿದರು. ನಾನು ಹೊಸ್ತಿಲಲ್ಲಿ ನಿಂತೆ. ಕಿಟಕಿಯ ಪಕ್ಕದ ಮಂಚದ ಮೇಲೆ, ದಿಂಬಿಗೆ ಒರಗಿದ್ದ ಆ ಮುದುಕಿ ತಂಗಿಯ ಗಲ್ಲ ಸವರುತ್ತಿದ್ದರು. ‘ಗಾಡಿ ಬಿಚ್ಚಾಕವ್ರೆ, ಬರಕ್ಕಾಗಲ್ಲ ಅಂದ್ರಲ್ಲೇ,’ ಎಂದರು. ‘ಯಾವನೋ ಬಿಚ್ಚಿದ್ನಂತೆ.’

‘ಇವ್ನೇ,’ ಎಂದು ಅತ್ತೆ ನನ್ನತ್ತ ಕೈ ತೋರಿಸಿದರು. ಆ ಸ್ಥಿತಿಯಲ್ಲೂ ಬಿಡಲಿಲ್ಲ.

ಅತ್ತೆ ಅಲ್ಲೇ ಉಳಿಯುವುದೆಂದಾಯಿತು. ಸಂಜೆ ಮಾವನೂ ನಾನೂ ಹೊರಟೆವು. ಮಾವ ಸನ್ನೆ ಒದ್ದು, ಗಾಡಿ ಶುರುವಾಗಿ, ಇನ್ನೇನು ಹೊರಡಬೇಕು, ಕಿಟಕಿಯಿಂದ ಅತ್ತೆಯ ದನಿ ಬಂತು. ‘ಒಂಚೂರು ನಿಲ್ಲಿ. ಅಕ್ಕ ಕೇಳಿಸ್ಕೋತಾವ್ಳೆ.’

ಮಾವ ಇಳಿದು ಗಾಡಿಯನ್ನು ಕಿಟಕಿಯ ಪಕ್ಕಕ್ಕೇ ತಳ್ಳಿ ಸ್ಟ್ಯಾಂಡ್ ಹಾಕಿದರು. ಕಟ ಕಟ ಕಟ ಎಂದು ಅದು ಬಡಿದುಕೊಳ್ಳುತ್ತಿತ್ತು. ಸುಮ್ಮನೆ ನಿಂತ ಜಾಗದಲ್ಲೇ ಪೆಟ್ರೋಲ್ ಉರಿಯುತ್ತಿತ್ತು. ಮಾವ ಕೀಲಿಕೈ ಮುಟ್ಟಲಿಲ್ಲ. ದೀಪ ಹಚ್ಚುವ ಹೊತ್ತಾಗುವವರೆಗೂ ನಾವಿಬ್ಬರೂ ಅದರ ಎರಡು ಪಕ್ಕದಲ್ಲಿ ನಿಂತೇ ಇದ್ದೆವು.